ಕ್ಯಾನ್ಸರ್ ನೋವು ನಿವಾರಣೆ: ಆರೋಗ್ಯ ಸಿಬ್ಬಂದಿ ತಿಳಿದಿರಬೇಕಾದುದು

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ಭಾಗದ ಕ್ಯಾನ್ಸರ್ ರೋಗಿಗಳಿಗೆ ಹತ್ತಿರದ ದೊಡ್ಡ ಆಸ್ಪತ್ರೆಗಳಿರುವುದು ಬೆಳಗಾವಿ ಮತ್ತು ಹುಬ್ಬಳ್ಳಿಯಲ್ಲಿ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಇದೆ. ಬೆಳಗಾವಿಯಲ್ಲಿ ಕೆಎಲ್ಇ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಆದರೆ ರೋಗ ಗುಣವಾಗುವ ಹಂತ ದಾಟಿದ ಬಳಿಕ ರೋಗಿ ಮರಳುವುದು ತನ್ನ ಊರಿಗೇ. ಆಗ ಆತನ ಸಮೀಪದಲ್ಲಿರುವವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಶುಶ್ರೂಷಕಿ ಮತ್ತು ಆಶಾ ಕಾರ್ಯಕರ್ತೆ. ರೋಗಿಯ ಉಳಿದ ದಿನಗಳು ನೋವಿನಲ್ಲಿ ಕಳೆಯುವವೇ ಅಥವಾ ನೆಮ್ಮದಿಯಲ್ಲೇ ಎಂಬುದು ಬಹುಮಟ್ಟಿಗೆ ಇವರ ತಿಳಿವಳಿಕೆಯನ್ನು ಅವಲಂಬಿಸಿದೆ.

ನೋವಿನ ಅಳತೆ

ಮೊದಲ ಪಾಠ, ರೋಗಿ ಹೇಳುವ ನೋವನ್ನು ನಂಬುವುದು. ಸೊನ್ನೆಯಿಂದ 10ರವರೆಗಿನ ಅಂಕಗಳಲ್ಲಿ ನೋವೆಷ್ಟು ಎಂದು ಕೇಳಿ ಪ್ರತಿ ಭೇಟಿಯಲ್ಲೂ ಬರೆದಿಡಬೇಕು. ನೋವು ಎಲ್ಲಿದೆ, ಉರಿಯೋ ಸೆಳೆತವೋ, ನಿದ್ರೆ ಬರುತ್ತಿದೆಯೇ ಎಂಬುದನ್ನೂ ವಿಚಾರಿಸಬೇಕು. ನರಗಳ ನೋವಿಗೆ ನೀಡುವ ಔಷಧಗಳು ಬೇರೆ.

ಮೂರು ಮೆಟ್ಟಿಲು

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಮೂರು ಮೆಟ್ಟಿಲುಗಳ ಕ್ರಮವನ್ನು ಪ್ರಕಟಿಸಿತು. ಅಲ್ಪ ನೋವಿಗೆ ಪ್ಯಾರಾಸಿಟಮಾಲ್‌ನಂತಹ ಔಷಧ, ಮಧ್ಯಮ ನೋವಿಗೆ ಕೋಡೀನ್ ಅಥವಾ ಟ್ರಮಡಾಲ್, ತೀವ್ರ ನೋವಿಗೆ ಮಾರ್ಫಿನ್. 2018ರ ಮಾರ್ಗಸೂಚಿ ಈ ಏಣಿಯನ್ನು ಕಟ್ಟುನಿಟ್ಟಿನ ನಿಯಮವೆಂದು ಭಾವಿಸಬಾರದೆಂದಿದೆ. ನೋವು ತೀವ್ರವಾಗಿದ್ದರೆ ಕೆಳಗಿನ ಮೆಟ್ಟಿಲುಗಳಲ್ಲಿ ಕಾಲ ಕಳೆಯಬೇಕಿಲ್ಲ. ನೋವು ಮರುಕಳಿಸುವವರೆಗೆ ಕಾಯದೆ ಗಡಿಯಾರ ನೋಡಿ ಔಷಧ ಕೊಡುವುದು ಮುಖ್ಯ. ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು 4 ಗಂಟೆಗೊಮ್ಮೆ ನೀಡಲಾಗುತ್ತದೆ. ಇದರಿಂದ ಮಲಬದ್ಧತೆ ಉಂಟಾಗುವುದರಿಂದ ಅದಕ್ಕೂ ಔಷಧ ಜೊತೆಯಲ್ಲೇ ಇರಬೇಕು. ಮೂತ್ರಪಿಂಡದ ತೊಂದರೆಯುಳ್ಳವರಲ್ಲಿ ವಿಶೇಷ ಎಚ್ಚರ ಅಗತ್ಯ.

ಭಯ ಮತ್ತು ಕಾನೂನು

ಮಾರ್ಫಿನ್ ಎಂದೊಡನೆ ಚಟ ಅಂಟೀತೆಂಬ ಭಯ ಮನೆಯವರಲ್ಲಷ್ಟೇ ಅಲ್ಲ, ಸಿಬ್ಬಂದಿಯಲ್ಲೂ ಇದೆ. ಕ್ಯಾನ್ಸರ್ ನೋವಿಗೆ ವೈದ್ಯರ ನಿಗಾದಲ್ಲಿ ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಅಂತಹ ಸಾಧ್ಯತೆ ಕಡಿಮೆ. 1985ರ ಮಾದಕ ದ್ರವ್ಯ ಕಾಯ್ದೆಯ ಬಿಗಿ ನಿಯಮಗಳಿಂದ ಅನೇಕ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಕೈಬಿಟ್ಟಿದ್ದವು. 2014ರ ತಿದ್ದುಪಡಿ ಇದನ್ನು ಸರಳಗೊಳಿಸಿತು. ಈಗ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಸಂಸ್ಥೆ ಇದನ್ನು ಸಂಗ್ರಹಿಸಿ ವಿತರಿಸಬಹುದು. ಆದರೆ ಅಲ್ಲಿ ನೋವು ನಿವಾರಣೆಯಲ್ಲಿ ತರಬೇತಿ ಹೊಂದಿದ ವೈದ್ಯರಿರಬೇಕು. ಅಂದರೆ ತರಬೇತಿಯಿಲ್ಲದ ಕಡೆ ಔಷಧವೂ ಇಲ್ಲ.

ಕಾರ್ಯಕರ್ತೆಯರ ಪಾತ್ರ

ಔಷಧ ಹೊತ್ತಿಗೆ ಸರಿಯಾಗಿ ಸೇವನೆಯಾಗುತ್ತಿದೆಯೇ, ಮಲವಿಸರ್ಜನೆ ಆಗುತ್ತಿದೆಯೇ, ಅತಿಯಾದ ಮಂಪರಿದೆಯೇ ಎಂಬುದನ್ನು ಮನೆ ಭೇಟಿಯಲ್ಲಿ ಗಮನಿಸಬಹುದು. ಕ್ಯಾನ್ಸರ್ ರೋಗಿಗೆ ಹಠಾತ್ತನೆ ಬೆನ್ನುನೋವು ಕಾಣಿಸಿ ಕಾಲುಗಳು ಶಕ್ತಿಗುಂದಿದರೆ ಅದು ಬೆನ್ನುಹುರಿಯ ಮೇಲಿನ ಒತ್ತಡದ ಸೂಚನೆಯಾಗಿರಬಹುದು; ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು.

ಕೇಂದ್ರ ಸರ್ಕಾರದ ಉಪಶಾಮಕ ಆರೈಕೆ ಕಾರ್ಯಕ್ರಮ 2012ರಲ್ಲಿ ರೂಪುಗೊಂಡಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಹಾಗೂ ಕರುಣಾಶ್ರಯಗಳಲ್ಲಿ ಇಂತಹ ಆರೈಕೆಯ ದೀರ್ಘ ಅನುಭವವಿದೆ. ಆ ತಿಳಿವಳಿಕೆ ತಾಲ್ಲೂಕು ಆಸ್ಪತ್ರೆಗಳವರೆಗೆ ತಲುಪಿದರೆ, ನೋವಿನ ಮಾತ್ರೆಗಾಗಿ ಹಾಸಿಗೆ ಹಿಡಿದ ರೋಗಿಯನ್ನು ರಾಮದುರ್ಗದಿಂದ ಹುಬ್ಬಳ್ಳಿಗೆ ಹೊತ್ತೊಯ್ಯುವ ಕಷ್ಟ ತಪ್ಪುತ್ತದೆ.