ವಿಡಿಯೊ ಮರುಗಾತ್ರ ಮತ್ತು ಮರುಸಂಕೇತನ

ಟಿ.ವಿ. ಪರದೆಯ ಅಳತೆಗೂ ಅದು ಓದಬಲ್ಲ ರೂಪಕ್ಕೂ ವಿಡಿಯೊ ಫೈಲನ್ನು ಹೊಂದಿಸುವ ಕೆಲಸ. ಭದ್ರಾವತಿಯ ಓಲ್ಡ್ ಟೌನ್‌ನಂಥ ಕಡೆ ಇದರ ಅಗತ್ಯ ಹೆಚ್ಚಾಗಿ ಬೀಳುವುದು ಹಳೆಯ ಮದುವೆ ಕ್ಯಾಸೆಟ್ಟುಗಳಿಗೆ.

ಭಾರತದ ಹಳೆಯ ಟಿ.ವಿ. ಪಾಲ್ ಪದ್ಧತಿಯದು: ಸೆಕೆಂಡಿಗೆ 25 ಚೌಕಟ್ಟು, ಕಾಣುವ ಗೆರೆ 576, ಪರದೆಯ ಅಗಲ-ಎತ್ತರ 4:3. ಡಿವಿಡಿಯಲ್ಲಿ ಇದೇ ಚಿತ್ರ 720×576 ಬಿಂದುಗಳಾಗುತ್ತದೆ. ಆದರೆ ಆ ಬಿಂದುಗಳು ಚೌಕವಲ್ಲ. ಇದನ್ನು ಲೆಕ್ಕಿಸದೆ ಪರಿವರ್ತಿಸಿದರೆ ಮುಖಗಳು ಸೊರಗುತ್ತವೆ. ಚೌಕ ಬಿಂದುಗಳಲ್ಲಿ ಅಳತೆ 768×576 ಆಗಬೇಕು. ಈಗಿನ 16:9 ಪರದೆಗೆ ಎಳೆದು ತುಂಬಿಸಿದರೆ ಮದುಮಗಳು ಕುಳ್ಳಿಯಾಗುತ್ತಾಳೆ. ಎರಡು ಬದಿ ಕಪ್ಪು ಪಟ್ಟಿ ಬಿಡುವುದೇ ಪ್ರಾಮಾಣಿಕ ದಾರಿ. ಸಿನಿಮಾಸ್ಕೋಪ್ ಚಿತ್ರದ್ದು ತಿರುಗುಮುರುಗು: 2.35:1ರ ಚಿತ್ರ 4:3 ಪರದೆಯಲ್ಲಿ 576 ಗೆರೆಗಳ ಪೈಕಿ ಸುಮಾರು 327ನ್ನಷ್ಟೇ ಬಳಸುತ್ತದೆ, ಪಟ್ಟಿ ಮೇಲೆ-ಕೆಳಗೆ.

ಪೆನ್‌ಡ್ರೈವ್ ಚುಚ್ಚಿದರೂ ಚಿತ್ರ ಬಾರದಿದ್ದರೆ ತೊಂದರೆ ಬಹುಮಟ್ಟಿಗೆ ಅಳತೆಯದಲ್ಲ, ಸಂಕೇತದ್ದು. ಎಂಪಿ4, ಎಂಕೆವಿ ಎಂಬವು ಬರಿಯ ಡಬ್ಬಿ, ಒಳಗಿನ ಸಂಕೇತ ಎಚ್.264 ಆಗಿದ್ದರೆ ಸಾಮಾನ್ಯವಾಗಿ ಓಡುತ್ತದೆ, 2013ರ ಎಚ್.265 ಹಳೆಯ ಸೆಟ್ಟುಗಳಿಗೆ ಅರ್ಥವಾಗದು. ಡಬ್ಬಿಯಷ್ಟೇ ಬದಲಿಸಿದರೆ ಗುಣ ಕೆಡದು. ಹ್ಯಾಂಡ್‌ಬ್ರೇಕ್‌ನಂಥ ತಂತ್ರಾಂಶದಲ್ಲಿ ಮರುಸಂಕೇತಿಸಿದಾಗಲೆಲ್ಲ ಒಂದಿಷ್ಟು ವಿವರ ಕಳೆಯುತ್ತದೆ. 576 ಗೆರೆಯನ್ನು 1080ಕ್ಕೆ ಹಿಗ್ಗಿಸಿದರೆ ಫೈಲು ದಪ್ಪವಾಗುತ್ತದೆ, ಚಿತ್ರ ಸ್ಪಷ್ಟವಾಗದು. ಪರಿವರ್ತನೆಯಾದ ಮೇಲೂ ಮೂಲ ಪ್ರತಿಯನ್ನು ಅಳಿಸಬಾರದು.