ಹೈಡ್ರಾಂಜಿಯ: ಸಮೃದ್ಧ ಹೂವಿಗಾಗಿ ಪೋಷಕಾಂಶ ನಿರ್ವಹಣೆ

ಕೊಡಗು, ಚಿಕ್ಕಮಗಳೂರು ಭಾಗದ ತೋಟದ ಮನೆಗಳ ಅಂಗಳದಲ್ಲಿ ದೊಡ್ಡ ಎಲೆಯ ಹೈಡ್ರಾಂಜಿಯ ಸಾಮಾನ್ಯವಾಗಿ ಕಾಣಸಿಗುತ್ತದೆ. ಗಿಡ ಹುಲುಸಾಗಿ ಬೆಳೆದರೂ ಹೂ ಬಿಡದಿರುವುದು ಹಾಗೂ ನೀಲಿ ಹೂ ಗುಲಾಬಿ ಬಣ್ಣಕ್ಕೆ ತಿರುಗುವುದು ಬೆಳೆಗಾರರ ಮುಖ್ಯ ಸಮಸ್ಯೆಗಳು. ಅನೇಕ ವೇಳೆ ಅತಿಯಾದ ಅಥವಾ ಹೊಂದದ ಗೊಬ್ಬರ ಮತ್ತು ಅಕಾಲದಲ್ಲಿ ಗಿಡ ಸವರುವುದೇ ಇದಕ್ಕೆ ಕಾರಣ.

ಮಣ್ಣು ಮತ್ತು ಹೂವಿನ ಬಣ್ಣ

ಮಣ್ಣಿನ ರಸಸಾರ 5.5 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಬೇರುಗಳು ಅಲ್ಯೂಮಿನಿಯಂ ಹೀರಿಕೊಂಡು ಹೂ ನೀಲಿಯಾಗುತ್ತದೆ. ರಸಸಾರ 6.5ರ ಸಮೀಪಕ್ಕೆ ಏರಿದಾಗ ಅಲ್ಯೂಮಿನಿಯಂ ದೊರೆಯದೆ ಹೂ ಗುಲಾಬಿಯಾಗುತ್ತದೆ. ಮಲೆನಾಡಿನ ಹುಳಿ ಮಣ್ಣು ನೀಲಿ ಹೂವಿಗೆ ಸಹಜವಾಗಿಯೇ ಅನುಕೂಲಕರ. ಕಾಫಿಗೆ ಸುಣ್ಣ ಹಾಕುವಾಗ ಈ ಗಿಡಗಳ ಬುಡಕ್ಕೆ ಬೀಳದಂತೆ ಎಚ್ಚರ ವಹಿಸಿರಿ. ಬಿಳಿ ಹೂವಿನ ತಳಿಗಳು ನೀಲಿಗೆ ತಿರುಗುವುದಿಲ್ಲ.

ಗೊಬ್ಬರ

• ಮೊದಲು ಒಂದು ಗೇಣು ಆಳದವರೆಗಿನ ಮಣ್ಣಿನ ಮಾದರಿ ತೆಗೆದು ಪರೀಕ್ಷೆ ಮಾಡಿಸಿರಿ. ರಾಸಾಯನಿಕ ಗೊಬ್ಬರದ ಪ್ರಮಾಣವನ್ನು ವರದಿಯಂತೆ ನಿರ್ಧರಿಸಿರಿ.
• ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟನ್ನು ಕಾಂಡಕ್ಕೆ ತಾಗದಂತೆ ಸುತ್ತಲೂ ಸುಮಾರು 5 ಸೆಂ.ಮೀ. ದಪ್ಪಕ್ಕೆ ಹರಡಿರಿ.
• ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಬೆಳೆದು ಹೂ ಕಡಿಮೆಯಾಗುತ್ತದೆ.
• ರಂಜಕವು ಅಲ್ಯೂಮಿನಿಯಂ ಅನ್ನು ಹಿಡಿದಿಡುತ್ತದೆ. ನೀಲಿ ಹೂ ಬೇಕಿದ್ದಲ್ಲಿ ಸೂಪರ್ ಫಾಸ್ಫೇಟ್ ಮತ್ತು ಮೂಳೆ ಗೊಬ್ಬರವನ್ನು ಮಿತಗೊಳಿಸಿರಿ. ರಂಜಕ ಕಡಿಮೆ, ಪೊಟ್ಯಾಷ್ ಹೆಚ್ಚು ಇರುವ ಮಿಶ್ರಣ ಸೂಕ್ತ.
• ಬಣ್ಣ ಮಾಸಿದ್ದರೆ, ಎರಡು ವರ್ಷ ಮೀರಿದ ಗಿಡಗಳಿಗೆ ಮಾತ್ರ, ಪ್ರತಿ ಲೀಟರ್ ನೀರಿಗೆ 4 ಗ್ರಾಂ ಅಲ್ಯೂಮಿನಿಯಂ ಸಲ್ಫೇಟ್ ಕರಗಿಸಿ ತೇವವಿರುವ ಮಣ್ಣಿಗೆ ಹಾಕಬಹುದು. ಪ್ರಮಾಣ ಮೀರಿದರೆ ಬೇರು ಸುಡುತ್ತದೆ.

ಸಮಯ ಮತ್ತು ಸವರುವಿಕೆ

ಈ ಜಾತಿಯ ಹೆಚ್ಚಿನ ತಳಿಗಳಲ್ಲಿ ಮುಂದಿನ ಹಂಗಾಮಿನ ಮೊಗ್ಗುಗಳು ಹಿಂದಿನ ಬೆಳವಣಿಗೆಯ ಕಾಂಡದ ತುದಿಯಲ್ಲಿ, ತಂಪು ಹವೆಯಲ್ಲಿ ರೂಪುಗೊಳ್ಳುತ್ತವೆ. ಆದ್ದರಿಂದ ಹೂ ಮುಗಿದ ಕೂಡಲೇ ಸವರಿರಿ. ಚಳಿಗಾಲದಲ್ಲಿ ತುದಿ ಕತ್ತರಿಸಿದರೆ ಆ ವರ್ಷದ ಹೂವೇ ಕೈತಪ್ಪುತ್ತದೆ. ಹೊಸ ಚಿಗುರು ಹೊರಡುವಾಗ ಗೊಬ್ಬರ ಕೊಟ್ಟು, ಚಳಿಗಾಲ ಸಮೀಪಿಸುತ್ತಿದ್ದಂತೆ ಸಾರಜನಕ ನಿಲ್ಲಿಸಿರಿ. ಜಡಿಮಳೆಯಲ್ಲಿ ಕೊಟ್ಟ ಗೊಬ್ಬರ ಕೊಚ್ಚಿಹೋಗುವುದರಿಂದ ಮಳೆ ಬಿಡುವು ಕೊಟ್ಟಾಗ, ಮಣ್ಣು ತೇವವಿರುವಾಗ ಕೊಡಿರಿ.

ಎಚ್ಚರಿಕೆ: ಹೈಡ್ರಾಂಜಿಯದ ಎಲೆ, ಮೊಗ್ಗುಗಳು ಜಾನುವಾರುಗಳಿಗೆ ವಿಷಕಾರಿ. ಸವರಿದ ರೆಂಬೆಗಳನ್ನು ದನಕರು, ಆಡುಗಳಿಗೆ ಸಿಗದಂತೆ ವಿಲೇವಾರಿ ಮಾಡಿರಿ.

ಹೆಚ್ಚಿನ ಮಾಹಿತಿಗೆ ಮಣ್ಣು ಪರೀಕ್ಷಾ ವರದಿಯೊಂದಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.