ಅಪ್ಪನ ಎರಡು ಚಿತ್ರಗಳು

“ಈ ಸ್ಕ್ಯಾನಿನಲ್ಲಿ ಎಲ್ಲಾ ಕಾಣುತ್ತೇನೋ?” ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅಪ್ಪ ಕೇಳಿದ್ದರು. “ಎಲ್ಲಾ ಕಾಣುತ್ತಪ್ಪ” ಎಂದುಬಿಟ್ಟೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನಗೆ ಆಗ ಗೊತ್ತಿದ್ದದ್ದು ಅಷ್ಟೇ. ಆ ಉತ್ತರ ತಪ್ಪೆಂದು ತಿಳಿಯಲು ಎರಡು ವಾರ ಬೇಕಾಯಿತು. ಏಕೆ ತಪ್ಪೆಂದು ತಿಳಿಯಲು ಸುಮಾರು ನೂರು ವರ್ಷದ ಇತಿಹಾಸ ಓದಬೇಕಾಯಿತು.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಅವರ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾದಾಗಲೇ ಮೂಳೆಗೆ ಹಬ್ಬಿತ್ತು. ಗಂಡಸರ ಹಾರ್ಮೋನನ್ನು ತಡೆದರೆ ಈ ರೋಗ ಕುಗ್ಗುತ್ತದೆಂದು 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ತೋರಿಸಿದ್ದರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ತತ್ವದ ಚುಚ್ಚುಮದ್ದು ಅಪ್ಪನನ್ನು ನಾಲ್ಕು ವರ್ಷ ಕಾಪಾಡಿತು. ಆಮೇಲೆ ರಕ್ತದ ಪಿ.ಎಸ್.ಎ. ಅಂಕಿ ಮತ್ತೆ ಏರತೊಡಗಿತು. ರೋಗ ಎಲ್ಲೆಲ್ಲಿದೆ, ಲುಟೇಷಿಯಂ ಎಂಬ ವಿಕಿರಣ ಚಿಕಿತ್ಸೆ ಅವರಿಗೆ ಒಗ್ಗುತ್ತದೆಯೇ ಎಂದು ತಿಳಿಯಲು ವೈದ್ಯರು ಪೆಟ್ ಸ್ಕ್ಯಾನ್ ಬರೆದುಕೊಟ್ಟರು.

ಚುಚ್ಚುಮದ್ದು ಕೊಟ್ಟು ಅಪ್ಪನನ್ನು ಒಳಗಿನ ಕೋಣೆಯಲ್ಲಿ ಒಂದು ಗಂಟೆ ಒಬ್ಬರನ್ನೇ ಕೂರಿಸಿದರು. ಈಗ ವಿಕಿರಣ ಹೊಮ್ಮುತ್ತಿದ್ದದ್ದು ಅವರ ಮೈಯಿಂದಲೇ. ನಾನು ಹೊರಗಿನ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಓದತೊಡಗಿದೆ.

ಪೆಟ್‌ನ ಕತೆ ಶುರುವಾದದ್ದು ಆಸ್ಪತ್ರೆಯಲ್ಲಲ್ಲ, ಒಂದು ಸಮೀಕರಣದಲ್ಲಿ. ಎಲೆಕ್ಟ್ರಾನಿನಂತೆಯೇ ಇದ್ದು ಧನ ವಿದ್ಯುದಂಶ ಹೊತ್ತ ಕಣವೊಂದು ಇರಬೇಕೆಂದು ಪಾಲ್ ಡಿರಾಕ್ 1931ರಲ್ಲಿ ಲೆಕ್ಕದ ಬಲದಿಂದಲೇ ಹೇಳಿದರು. ಮರುವರ್ಷವೇ ಕ್ಯಾಲಿಫೋರ್ನಿಯಾದ ಕಾರ್ಲ್ ಆಂಡರ್ಸನ್ ಅದರ ಜಾಡನ್ನು ಕಂಡರು. ಅದೇ ಪಾಸಿಟ್ರಾನ್. ಅದು ಎಲೆಕ್ಟ್ರಾನನ್ನು ಸಂಧಿಸಿದರೆ ಎರಡೂ ಇಲ್ಲವಾಗಿ, ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕಿಗೆ ಹಾರುತ್ತವೆ. ಸುತ್ತಲೂ ಬಳೆಯಂತೆ ಪತ್ತೆಕಾರಕಗಳನ್ನಿಟ್ಟು ಎರಡನ್ನೂ ಒಟ್ಟಿಗೆ ಹಿಡಿದರೆ, ಅವು ಯಾವ ಗೆರೆಯ ಮೇಲೆ ಹುಟ್ಟಿದವೆಂದು ಗೊತ್ತಾಗುತ್ತದೆ. ಇಂಥ ಲಕ್ಷಾಂತರ ಗೆರೆಗಳಿಂದ ಚಿತ್ರ ಮೂಡುತ್ತದೆ. 1970ರ ದಶಕದ ನಡುವಿನಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮೈಕೆಲ್ ಫೆಲ್ಪ್ಸ್, ಎಡ್ವರ್ಡ್ ಹಾಫ್‌ಮನ್, ಮಿಷೆಲ್ ಟರ್-ಪೊಗೋಸಿಯನ್ ಮತ್ತು ಸಂಗಡಿಗರು ಇದನ್ನು ಯಂತ್ರವಾಗಿಸಿದರು.

ಆದರೆ ಯಂತ್ರಕ್ಕೆ ಕಾಣುವುದು ಪಾಸಿಟ್ರಾನ್ ಹೊತ್ತು ಹೋದ ವಸ್ತು ಮಾತ್ರ. ಯಾವ ವಸ್ತುವನ್ನು ಕಳಿಸಬೇಕು? ಕ್ಯಾನ್ಸರ್ ಕೋಶಗಳಿಗೆ ಸಕ್ಕರೆಯ ಹಸಿವು ಹೆಚ್ಚೆಂದು ಜರ್ಮನಿಯ ಓಟೊ ವಾರ್‌ಬರ್ಗ್ 1920ರ ದಶಕದಲ್ಲೇ ಗಮನಿಸಿದ್ದರು. ವಿಕಿರಣ ಫ್ಲೋರಿನ್ ಅಂಟಿಸಿದ ಸಕ್ಕರೆ, ಎಫ್.ಡಿ.ಜಿ., 1976ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಮೊದಲ ಸಲ ಮನುಷ್ಯರ ಮೈಸೇರಿತು. 2002ರಲ್ಲಿ ಮುಂಬೈನ ವಿಕಿರಣ ವೈದ್ಯಕೀಯ ಕೇಂದ್ರದ ಮೂಲಕ ಪೆಟ್ ಭಾರತಕ್ಕೂ ಬಂತು.

ಪ್ರಾಸ್ಟೇಟ್ ಕ್ಯಾನ್ಸರಿನ ಮುಂದೆ ಮಾತ್ರ ಈ ಸಕ್ಕರೆ ಸೋತಿತು. ನಿಧಾನವಾಗಿ ಬೆಳೆಯುವ ಈ ಗೆಡ್ಡೆಗೆ ಸಕ್ಕರೆಯ ಆಸೆ ಕಡಿಮೆ. ಜೊತೆಗೆ ಮೂತ್ರದಲ್ಲಿ ಹೊರಬರುವ ಎಫ್.ಡಿ.ಜಿ. ಪಕ್ಕದ ಮೂತ್ರಕೋಶವನ್ನೇ ಬೆಳಗಿಸಿಬಿಡುತ್ತಿತ್ತು. ಬೇರೆ ಗುರುತು ಬೇಕಿತ್ತು. ಈ ಕೋಶಗಳ ಮೇಲ್ಮೈಯಲ್ಲಿ ಹೇರಳವಾಗಿರುವ ಪಿ.ಎಸ್.ಎಂ.ಎ. ಎಂಬ ಪ್ರೋಟೀನಿನ ಸುಳಿವು 1987ರಲ್ಲಿ ಸಿಕ್ಕಿತು. ಅದಕ್ಕೆ ಅಂಟಿಕೊಳ್ಳುವ ಪುಟ್ಟ ಅಣುವಿಗೆ ಗ್ಯಾಲಿಯಂ ಕಟ್ಟಿ, 2011ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮೊದಲ ರೋಗಿಯ ಚಿತ್ರ ತೆಗೆದರು. ಆ ಗ್ಯಾಲಿಯಂ 68 ನಿಮಿಷಕ್ಕೆ ಅರ್ಧವಾಗುತ್ತದೆ. 302 ಗಂಡಸರ ಮೇಲೆ ನಡೆದ ಆಸ್ಟ್ರೇಲಿಯಾದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ಹಳೆಯ ಸಿ.ಟಿ. ಮತ್ತು ಮೂಳೆ ಸ್ಕ್ಯಾನಿನ ನಿಖರತೆ ಶೇ. 65, ಹೊಸ ಪೆಟ್‌ನದು ಶೇ. 92.

ಅಪ್ಪನ ಚಿತ್ರದಲ್ಲಿ ಬೆನ್ನುಮೂಳೆ, ಸೊಂಟದ ಮೂಳೆ ಹೊಳೆಯುತ್ತಿದ್ದವು. ಲಾಲಾಗ್ರಂಥಿ, ಮೂತ್ರಪಿಂಡಗಳೂ ಹೊಳೆಯುತ್ತಿದ್ದವು. ಆ ಪ್ರೋಟೀನು ಅಲ್ಲೂ ಇರುತ್ತದಂತೆ, ಅದು ರೋಗವಲ್ಲ. ಯಕೃತ್ತಿನಲ್ಲಿ ಹೆಚ್ಚಿನ ಹೊಳಪೇನೂ ಇರಲಿಲ್ಲ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ವೈದ್ಯರಿಗೆ ಮಾತ್ರ ಜೊತೆಯಲ್ಲೇ ತೆಗೆದ ಸಿ.ಟಿ.ಯಲ್ಲಿ ಯಕೃತ್ತಿನ ಒಂದು ಕಲೆ ಅನುಮಾನ ಹುಟ್ಟಿಸಿತ್ತು. “ಎಫ್.ಡಿ.ಜಿ.ಯನ್ನೂ ಮಾಡೋಣ” ಎಂದರು.

ಪ್ರಾಸ್ಟೇಟಿಗೆ ಪ್ರಯೋಜನವಿಲ್ಲವೆಂದು ಬದಿಗಿಟ್ಟಿದ್ದ ಅದೇ ಹಳೆಯ ಸಕ್ಕರೆ! ರೋಗ ಬಲಿತಂತೆ ಕೆಲವು ಕೋಶಗಳು ಪಿ.ಎಸ್.ಎಂ.ಎ.ಯನ್ನು ಕಳಚಿಕೊಳ್ಳುತ್ತವೆ, ಸಕ್ಕರೆಗೆ ಹಸಿಯುತ್ತವೆ. ಹೊಸ ಚಿತ್ರದಲ್ಲಿ ಅವು ಕತ್ತಲು, ಹಳೆಯದರಲ್ಲಿ ಬೆಳಕು. ಲುಟೇಷಿಯಂ ಕೂಡ ಅದೇ ಪ್ರೋಟೀನನ್ನು ಹಿಡಿದು ಹೋಗುವುದರಿಂದ ಅಂಥ ಕೋಶಗಳನ್ನು ಮುಟ್ಟುವುದಿಲ್ಲ. ಎರಡನೇ ಚಿತ್ರದಲ್ಲಿ ಅಪ್ಪನ ಯಕೃತ್ತಿನ ಆ ಕಲೆ ಎದ್ದು ಹೊಳೆಯಿತು. ಲುಟೇಷಿಯಂ ಬಿಟ್ಟು ಕೀಮೋ ಎಂದು ತೀರ್ಮಾನವಾಯಿತು.

ಆ ಸಂಜೆ ಎರಡು ಚಿತ್ರಗಳನ್ನೂ ಅಪ್ಪನ ಮುಂದಿಟ್ಟೆ. ಅಮ್ಮ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು. “ಎಲ್ಲಾ ಕಾಣುತ್ತೆ ಅಂದಿದ್ದೆ. ತಪ್ಪು ಹೇಳಿದ್ದೆ ಅಪ್ಪ” ಎಂದು ಓದಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

“ಪ್ರಶ್ನೆಪತ್ರಿಕೆಯಲ್ಲಿ ಕೇಳದೇ ಇದ್ದದ್ದಕ್ಕೆ ಹುಡುಗ ಉತ್ತರ ಬರೀತಾನೇನೋ?” ಎಂದರು. ಆಮೇಲೆ ಮೆಲ್ಲಗೆ, “ಕೀಮೋ ಯಾವತ್ತು?”

“ಸೋಮವಾರ” ಎಂದೆ.